ಬಗಲಾಗಿನ ಗಂಟು

ಕಿಟಕಿಯ ಸರಳು ಬಿಸಿಲಿಗೆ ಕಾದಿದೆ, ಆದರೂ ನುಜಹತ ಮೊಣಕೈಯನ್ನು ಅದರ ಮೇಲೇ ಇಟ್ಟಿದ್ದಾಳೆ, ಕೈ ಇಳಿಸಿದರೆ ಕಂಕುಳಲ್ಲಿ ಗಂಟು ಒತ್ತುತ್ತದೆ — ಬಸ್ಸು ಶಿಗ್ಗಾಂವ ದಾಟಿತು, ಪಕ್ಕದಲ್ಲಿ ಗಂಡ ಮುಸ್ತಾಕ ಫೋನಿನಲ್ಲಿ ಎಲ್ಲರಿಗೂ ಅದನ್ನೇ ಹೇಳುತ್ತಿದ್ದಾನೆ, ಏನೂ ಇಲ್ಲಂತ, ನಾ ಮೊದಲ ಹೇಳಿದ್ದೆ, ಸುಮ್ನ ಅಂಜಿದ್ಲು. ಸುಮ್ಮನೆಯೇ? ಜಳಕ ಮಾಡುವಾಗ ಸಾಬೂನಿನ ಬೆರಳಿಗೆ ಗೋಲಿಯಂಥದ್ದು ಸಿಕ್ಕಿ, ಬಕೀಟು ತುಂಬಿ ಹರಿದದ್ದೇ ತಿಳಿಯಲಿಲ್ಲ, ಇವನು ಹೊರಗಿನಿಂದ ನೀರು ಯಾಕ ಬಿಟ್ಟೀ ಅಂದ, ಅಷ್ಟೇ ಅಂದದ್ದು. ಅತ್ತೆ ಹಮೀದುನ್ನೀಸಾ ಉಷ್ಣದ ಗಂಟು ಅಂತ ಸುಣ್ಣ ಬೆಲ್ಲ ಹಚ್ಚಿದರು, ಚರ್ಮ ಸುಟ್ಟು ಕೆಂಪಾಯಿತು. ನೆರೆಮನೆಯ ಹಾಲವ್ವ ಕೊಡ ಎತ್ತಿ ಎತ್ತಿ ನರ ಗಂಟಾಗೇತಿ ಅಂದಳು. ಸವಣೂರಿನ ಡಾಕ್ಟರು ಅವಳ ತಲೆಯ ಮೇಲಿಂದ ಮುಸ್ತಾಕನ ಜೊತೆಗೇ ಮಾತಾಡಿದರು, ಮುಟ್ಟಿಯೂ ನೋಡದೆ ಗುಳಿಗೆ ಬರೆದರು, ಗಂಟು ಇದ್ದದ್ದು ಅವಳಿಗೋ ಅವನಿಗೋ. ಅಕ್ಕ ಫರ್ಹತ ಮಾತ್ರ ಏನೂ ಅನ್ನದೆ ಫೋನಿನಲ್ಲಿ ಅತ್ತಳು, ಅವರಿಬ್ಬರ ಅವ್ವನಿಗೂ ಮೊದಲು ಕಂಡದ್ದು ಕಂಕುಳಲ್ಲೇ, ಎದೆ ಅನ್ನುವ ಮಾತನ್ನು ಮನೆಯಲ್ಲಿ ಯಾರೂ ಬಾಯಿಬಿಟ್ಟು ಆಡಲಿಲ್ಲ, ತೋಳು ಬಾತಾಗ ಬಳೆ ಕತ್ತರಿಸಬೇಕಾಯಿತು — ಬೇಡ, ಅದು ಬೇಡ, ಬೆರಳು ಮತ್ತೆ ಗಂಟಿಗೇ ಹೋಗುತ್ತದೆ, ಮುಟ್ಟಬೇಡ ಅಂದುಕೊಂಡಷ್ಟೂ ಹೋಗುತ್ತದೆ. ಶಿಗ್ಗಾಂವದ ಡಾಕ್ಟರ್ ವಿಭಾ ಮುಸ್ತಾಕನನ್ನು ಹೊರಗೆ ಕೂರಿಸಿದರು, ತೋಳೆತ್ತಿಸಿ ಒತ್ತಿದರು, ಕುತ್ತಿಗೆ, ಎದೆ ನೋಡಿದರು, ಅಂಗೈ ತಿರುವಿ ಇದೇನ್ರಿ ಗೀರು ಅಂದರು, ಬೆಕ್ಕು ಪರಚಿತ್ರಿ ಅಂದಳು, ತಿಂಗಳ ಹಿಂದಿನ ಮಾತು. ಕೈಗೆ ಗಾಯಾಗಿ ನಂಜೇರಿದ್ರೂ ಬಗಲಾಗ ಗಂಟು ಬರ್ತಾವ್ರಿ, ಕೊಬ್ಬಿನ ಗಂಟೂ ಇರಬಹುದು, ಕ್ಷಯಾನೂ ಇರಬಹುದು, ನೀವು ಅಂಜಾಕತ್ತಿರೋದೂ ಇರಬಹುದು, ಪರೀಕ್ಷಾ ಮಾಡದ ಹ್ಯಾಂಗ ಹೇಳ್ಲಿ ಅಂದರು. ಗೊತ್ತಿಲ್ಲ ಅಂದ ಮೊದಲ ಬಾಯಿ ಅದು, ಅವಳಿಗೆ ಆಗಲೇ ಕಣ್ಣು ತುಂಬಿತ್ತು. ಸ್ಕ್ಯಾನು, ಸೂಜಿ, ಆಮೇಲೆ ಕಾಯುವುದು, ರೊಟ್ಟಿ ತಟ್ಟುತ್ತಾ ಕಾಯುವುದು, ನಗುತ್ತಾ ಕಾಯುವುದು. ಇವತ್ತು ತಿಳಿಯಿತು, ಕ್ಯಾನ್ಸರ್ ಅಲ್ಲ, ಬೆಕ್ಕು ಪರಚಿದ ನಂಜು, ಮೆಲ್ಲಗೆ ಇಳಿಯುತ್ತದೆ, ಇಳಿಯದಿದ್ದರೆ ಮತ್ತೆ ಬರ್ರಿ ಅಂದರು ವಿಭಾ. ಸಂತೋಷವೇ, ಅಲ್ಲ ಎಂದವರಾರು, ಆದರೆ ಎಲ್ಲರೂ ಗೆದ್ದವರಂತೆ, ಅವಳೊಬ್ಬಳೇ ಸುಳ್ಳಾಡಿ ಸಿಕ್ಕಿಬಿದ್ದವಳಂತೆ. ಮುಸ್ತಾಕ ಫೋನಿಟ್ಟ, ಈಗರ ನಗು ಅಂದ. ಅಂಜಿದ್ದು ನಾನ್ರಿ, ನೀವಲ್ಲ, ಸುಮ್ನ ಅಂಜಿದ್ಲು ಅಂತ ಊರಿಗೆಲ್ಲ ಹೇಳಬ್ಯಾಡ್ರಿ — ದನಿ ಅಷ್ಟು ಗಟ್ಟಿಯಾದದ್ದು ಅವಳಿಗೇ ಹೊಸದು, ಮುಂದಿನ ಸೀಟಿನವರು ತಿರುಗಿದರು, ಫೋನು ಮತ್ತೆ ರಿಂಗಾಯಿತು, ಈ ಸಲ ಅವನು ಎತ್ತಲಿಲ್ಲ. ಬುರ್ಖಾದೊಳಗೆ ಬೆರಳು ಮತ್ತೆ ಅಲ್ಲಿಗೇ ಹೋಗುತ್ತದೆ, ಒತ್ತಿದರೆ ಜಾರುತ್ತದೆ, ಬಿಟ್ಟರೆ ಮರಳಿ ಬರುತ್ತದೆ, ಗುಂಡಗೆ, ಗಟ್ಟಿಯಾಗಿ, ಇಲ್ಲೇ.