ತೊಡೆಯ ಮೇಲಿನ ಸೀಟಿ

ಬಸ್ಸಿನೊಳಗೆ ಹತ್ತಿಕಾಳಿನ ಎಣ್ಣೆಯ ವಾಸನೆ ಎಲ್ಲಿಂದ ಬಂತಪ್ಪಾ ಎಂದು ಆಚೀಚೆ ನೋಡಿದ ವಿರೂಪಾಕ್ಷನಿಗೆ ಅದು ತನ್ನ ತೊಡೆಯ ಮೇಲಿಂದಲೇ ಏಳುತ್ತಿದೆ ಎಂದು ತಿಳಿದು ನಗು ಬಂತು, ಟವೆಲಿನಲ್ಲಿ ಸುತ್ತಿದ ವಾಲ್ವು, ತಂಬಿಗೆಯಷ್ಟು ದಪ್ಪ, ಸವದತ್ತಿಯ ಲೇಥಿನವನು ಅದರ ಮುಚ್ಚಳ ಕೂರುವ ಸವೆದ ಸೀಟನ್ನು ತಿಕ್ಕಿ ಕನ್ನಡಿ ಮಾಡಿ ಕೊಟ್ಟಿದ್ದಾನೆ, ಇನ್ನ ಒಂದ ಹನಿ ಸೋರಂಗಿಲ್ರಿ ಅಂದಿದ್ದಾನೆ — ಸೋರದಿದ್ದರೆ ಸಾಕು, ಬೈಲಹೊಂಗಲ ಮುಟ್ಟಿದ ಕೂಡಲೇ ಗಿರಣಿಗೆ ಹೋಗಿ ಪಂಪಿನ ಬಾಯಲ್ಲೇ ಇದನ್ನು ಕೂರಿಸಬೇಕು, ಅಡಿಯ ಕಾಕು, ಅಂದರೆ ನಲ್ಲಿಯಂಥ ತಿರುಪು, ತೆರೆಯಬೇಕು, ಊಟ ಆಮೇಲೆ. ಪಂಪಿನ ಬಾಯಲ್ಲೇ ಇರಬೇಕು ಇದು, ಉಳಿದೆಲ್ಲ ವಾಲ್ವುಗಳಿಗಿಂತ ಮೊದಲು, ಮುಂದೆ ಯಾರು ಏನು ಮುಚ್ಚಿದರೂ ಎಣ್ಣೆ ಟಾಕಿಗೆ ವಾಪಸ್ಸು ಓಡಲು ಇದೊಂದೇ ಹಿತ್ತಲ ಬಾಗಿಲು, ಗಿಯರ್ ಪಂಪಿಗೆ ತಳ್ಳುವುದೊಂದೇ ಗೊತ್ತು, ಅಪ್ಪನ ಹಾಗೆ, ಹಿಂದೆ ಸರಿ ಅಂದರೆ ಸರಿಯುವ ಜಾತಿಯಲ್ಲ. ಇದು ಸವೆದದ್ದೂ ಅಪ್ಪನಿಂದಲೇ. ಯಾವ ಗಿರಣಿಯಲ್ಲೂ ಇಲ್ಲದ ಪದ್ಧತಿ ಅಪ್ಪ ಸೋಮಪ್ಪನವರದು: ಟ್ಯಾಂಕರ್ ತುಂಬಿತೋ, ಡ್ರೈವರ್ ತನ್ನ ಕಡೆ ಬಂದ್ ಮಾಡಬೇಕು, ಹೋಗಲು ದಾರಿ ಸಿಗದ ಎಣ್ಣೆ ಒತ್ತಿ ಒತ್ತಿ ಈ ವಾಲ್ವನ್ನು ಎಬ್ಬಿಸಬೇಕು, ಇದು ಕಿರ್‍ರ್ ಎಂದು ಸೀಟಿ ಹೊಡೆಯಬೇಕು, ಆಗ ಅಪ್ಪ ಗುಂಡಿ ಒತ್ತಿ ಪಂಪು ನಿಲ್ಲಿಸಬೇಕು. ಮೊದಲು ಪಂಪು ನಿಲ್ಲಸ್ರಿ, ಆಮ್ಯಾಲ ಮುಚ್ಚಲಿ, ಎಂದು ಎಷ್ಟು ಸಲ ಬಾಯಿಗೆ ಬಂದಿದೆ, ಬಂದದ್ದನ್ನು ನುಂಗಿದ್ದಾನೆ, ಕಿವಿ ಹೋದ ಮೇಲೆ ಅಪ್ಪನಿಗೆ ಕೇಳುವುದು ಆ ಸೀಟಿ ಒಂದೇ, ಪಂಪಿನ ಪಕ್ಕ ಕುರ್ಚಿ ಎಳೆದುಕೊಂಡು, ಎರಡು ಪೈಪು ಕೂಡುವ ಜೋಡಿನ ಹತ್ತಿರ ಕಿವಿ ಹಚ್ಚಿ, ಕಣ್ಣು ಮುಚ್ಚಿ ಕೂತಿರುತ್ತಾನೆ, ಬಂತು ನೋಡು ಎಂದು ಮುಖ ಅರಳುತ್ತದೆ, ಆ ಮುಖದಿಂದ ಅದನ್ನೂ ಕಸಿದುಕೊಳ್ಳುವುದು ಹೇಗೆ.

ಫೋನು. ಐಶ್ವರ್ಯಾ. ರೊಟ್ಟಿ ಬಡಿಯುತ್ತಲೇ ಮಾತಾಡುತ್ತಿದ್ದಾಳೆ ಹೆಂಡತಿ, ಗಿರಣಿ ಆಳು ನೀಲಪ್ಪ ಬಂದು ಕಟ್ಟಿ ಮ್ಯಾಲ ಮಾರಿ ಸಣ್ಣದ ಮಾಡ್ಕೊಂಡು ಕುಂತಾನ್ರಿ, ಟ್ಯಾಂಕರ್ ಲಗೂನ ಬಂತಂತ, ನೀವು ಬರೂತನಕ ಪಂಪ್ ಬ್ಯಾಡ ಅಂದದ್ದಕ್ಕ ಮಾವ ಅವಗ ಬೈದು ಹೊರಗ ಹಾಕಿ ತಾವ ಚಾಲೂ ಮಾಡ್ಯಾರಂತ. ಯಾವಾಗ? ಆಗಲೇ ಆತಲ್ಲ, ತುಂಬಾಕ ಬಂದಿರಬೇಕು. ತೊಡೆಯ ಮೇಲಿನ ಕಬ್ಬಿಣ ಒಮ್ಮೆಗೇ ಭಾರವಾಗುತ್ತದೆ, ಬೆಳಿಗ್ಗೆ ವಾಲ್ವು ಬಿಚ್ಚಿ, ಎಣ್ಣೆ ಉಕ್ಕದಿರಲೆಂದು ಅಡಿಯ ಕಾಕು ಮುಚ್ಚಿದವನು ಇವನೇ, ಹಿತ್ತಲ ಬಾಗಿಲಿಗೆ ಗೋಡೆ ಕಟ್ಟಿ ಬಂದವನು, ನಾನು ಬರುವ ತನಕ ಪಂಪು ಬೇಡ ಎಂದು ನೀಲಪ್ಪನಿಗೆ ಹೇಳಿದ್ದ, ಅಪ್ಪನ ಕಿವಿಯ ಹತ್ತಿರವೂ ಬಾಗಿ ಕೂಗಿದ್ದ, ಅಪ್ಪ ಹೂಂ ಅಂದಿದ್ದ — ಅಪ್ಪ ಎಲ್ಲದಕ್ಕೂ ಹೂಂ ಅನ್ನುತ್ತಾನೆ, ಕೇಳಿಲ್ಲ ಎಂದು ತೋರಿಸಿಕೊಳ್ಳಲಾರದೆ, ಅದು ಗೊತ್ತಿದ್ದೂ ಬಸ್ಸು ಹತ್ತಿದೆಯಲ್ಲೋ ಮೂರ್ಖಾ. ಐಶ್ವರ್ಯಾ, ರೊಟ್ಟಿ ಬಿಡು, ಓಡು, ಪಂಪ್ ಬಂದ್ ಮಾಡು, ನೀಲಪ್ಪನ್ನೂ ಓಡಸು. ಯಾಕ್ರಿ, ಏನಾತು? ಸೀಟಿ ನನ್ನ ತೊಡಿ ಮ್ಯಾಲ ಐತಿ, ಅಲ್ಲಿ ಇಲ್ಲ, ಅಪ್ಪಗ ಕೇಳಂಗಿಲ್ಲ, ಓಡು. ಹಿಟ್ಟಿನ ತಾಟು ಬಿದ್ದ ಸದ್ದು, ಚಪ್ಪಲಿಯ ಸದ್ದು, ಫೋನು ಇಟ್ಟಿಲ್ಲ, ಅವಳ ಉಸಿರು ಇವನ ಕಿವಿಯಲ್ಲೇ ಓಡುತ್ತಿದೆ, ಬಸ್ಸು ಮಾತ್ರ ಎಮ್ಮೆಗಳಿಗೆ ದಾರಿ ಬಿಟ್ಟು ನಿಂತಿದೆ, ಪಕ್ಕದವನು ಯಾರಿಗರೆ ಆರಾಮಿಲ್ಲೇನ್ರಿ ಅನ್ನುತ್ತಿದ್ದಾನೆ, ಹೂಂ, ಇವನೂ ಈಗ ಹೂಂ ಅನ್ನುತ್ತಿದ್ದಾನೆ. ರಾಮದುರ್ಗದ ಕಡೆ ಯಾವುದೋ ಗಿರಣಿಯಲ್ಲಿ ಎಣ್ಣೆಗೆ ದಾರಿ ಸಿಗದೆ ಹೀಗೇ ಪೈಪಿನ ಜೋಡು ಸಿಡಿದು ಒಬ್ಬನ ದವಡೆ ಹೋಯಿತಂತೆ, ಬಿಸಿ ಎಣ್ಣೆ, ಬೋಲ್ಟು, ಜೋಡು ಅಂದರೆ ಅಪ್ಪ ಕಿವಿ ಹಚ್ಚುವ ಜಾಗದಿಂದ ಒಂದು ಗೇಣು, ಬ್ಯಾಡ, ಟ್ಯಾಂಕರ್ ಇನ್ನೂ ತುಂಬಿಲ್ಲ, ದೊಡ್ಡ ಟ್ಯಾಂಕರ್ ಕಳಿಸಿರುತ್ತಾರೆ, ಮನೆಯಿಂದ ಗಿರಣಿ ಎರಡು ಓಣಿ ಆಚೆ, ಅವಳು ಓಡಬಲ್ಲಳು, ಸಾಲಿಯಲ್ಲಿ ಖೋ ಖೋ ಆಡಿದವಳು, ಓಡು ನನ್ನವ್ವ, ಸೀಟಿ ಬರಲಿಲ್ಲ ಅಂದರೆ ಅಪ್ಪ ಎದ್ದು ಹೋಗುವವನಲ್ಲ, ಇನ್ನೂ ಹತ್ತಿರ ಬಾಗುತ್ತಾನೆ, ತನ್ನ ಕಿವಿಯೇ ಪೂರ್ತಿ ಹೋಯಿತೇನೋ ಎಂದು ಇನ್ನಷ್ಟು ಒತ್ತಿ ಹಿಡಿಯುತ್ತಾನೆ.

ಗೇಟಿನ ಕಿರುಗುಟ್ಟುವಿಕೆ, ಮುಟ್ಟಿದಳು, ಪಂಪಿನ ಗುರುಗುರು ಫೋನಿನಲ್ಲಿ ಕೇಳುತ್ತಿದೆ, ಮಾವಾ ಎಂದು ಅವಳು ಕೂಗುತ್ತಿದ್ದಾಳೆ, ಯಾರಿಗೆ ಕೂಗುತ್ತೀಯೇ, ಗುಂಡಿ ಒತ್ತು, ಅವಳ ದನಿಯ ಮೇಲೆ ಡ್ರೈವರನ ದನಿ, ಎತ್ತರದಿಂದ, ಟ್ಯಾಂಕರಿನ ನೆತ್ತಿಯಿಂದ, ತುಂಬೇತ್ರಿ ಯಜಮಾನ್ರ, ನನ್ನ ಕಡೆ ಬಂದ್ ಮಾಡೇನಿ — ಪಂಪಿನ ಸದ್ದು ದಪ್ಪಗಾಗುತ್ತಿದೆ, ತೊಡೆಯ ಮೇಲೆ ವಾಲ್ವು ತಣ್ಣಗೆ ಸುಮ್ಮನಿದೆ, ಅಪ್ಪ ಕಣ್ಣು ಮುಚ್ಚಿ, ಪೈಪಿಗೆ ಕಿವಿ ಹಚ್ಚಿ, ಪೈಪಿಗೆ ಕಿವಿ ಹಚ್ಚಿ