ತಾಯಿ ಕೊಟ್ಟ ಕಾವಲು

ಭಾನುವಾರ ಚರ್ಚ್ ಮುಗಿಸಿ ಎಲ್ಲರೂ ಊಟಕ್ಕೆ ಕೂತಾಗ ಮೂರು ತಿಂಗಳ ಲುಪೆ ಮಡಿಲಿಂದ ಮಡಿಲಿಗೆ ಓಡಾಡಿದ್ದಳು. ಸವಾಯಿ ದ್ವೀಪದಲ್ಲಿ ಕೂಸನ್ನು ತಾಯಿಯೊಬ್ಬಳೇ ಎತ್ತಿಕೊಂಡು ಕೂರಲು ಯಾರೂ ಬಿಡುವುದಿಲ್ಲ. ಅವತ್ತು ಲುಪೆಯ ಕೆನ್ನೆಗೆ ಮುತ್ತಿಟ್ಟಿದ್ದ ಪಕ್ಕದ ಮನೆಯ ಹುಡುಗಿಗೆ ಮಂಗಳವಾರ ಮೈತುಂಬ ದಡಾರ ಎದ್ದಿತು.

ಬುಧವಾರ ಬೆಳಿಗ್ಗೆಯೇ ಊರಿನ ನರ್ಸ್ ಸಿನಿವಾ ಬಂದಳು.

"ಫುವಾತಿನೋ, ಚಿಕ್ಕವಳಿದ್ದಾಗ ನಿಂಗೆ ದಡಾರದ ಲಸಿಕೆ ಹಾಕ್ಸಿದ್ರಾ?"

"ಇಲ್ಲ," ಎಂದಳು ಕೂಸಿನ ತಾಯಿ. "ನಂಗೆ ಇಬ್ಬರು ಅಮ್ಮಂದಿರಲ್ವಾ? ಸಾಕಿದ ಇವರು ಹಾಕ್ಸಿದಾರೆ ಅಂತ ಹೆತ್ತಮ್ಮ ಅಂದ್ಕೊಂಡ್ರು, ಅವರು ಹಾಕ್ಸಿದಾರೆ ಅಂತ ಇವರು ಅಂದ್ಕೊಂಡ್ರು."

ಮೂಲೆಯಲ್ಲಿ ಕಾಯಿ ತುರಿಯುತ್ತಿದ್ದ ತೆಲೆಸಿಯಾಳ ಕೈ ನಿಂತಿತು. ಫುವಾತಿನೋಳನ್ನು ಎರಡನೇ ವರ್ಷದಿಂದ ಸಾಕಿದವಳು ಅವಳೇ. ತಂಗಿ ಯಾನೆತಾ ಮಗಳನ್ನು ತಂದು ಮಡಿಲಿಗೆ ಹಾಕಿದ ದಿನ, ನನ್ನ ಮನೆಯಲ್ಲಿ ಇವಳಿಗೆ ಒಂದು ಸೀನೂ ಬರದ ಹಾಗೆ ನೋಡಿಕೊಳ್ಳುತ್ತೇನೆ ಎಂದು ಊರಿಗೆಲ್ಲ ಕೇಳುವಂತೆ ಹೇಳಿದ್ದಳು. ನಾಲಿಗೆಗೆ ಎಲುಬಿಲ್ಲವಲ್ಲ!

"ಹೋಗ್ಲಿ, ನಿಂಗೆ ಯಾವಾಗ್ಲಾದ್ರೂ ದಡಾರ ಬಂದಿತ್ತಾ?" ಸಿನಿವಾ ಫುವಾತಿನೋಳನ್ನು ಕೇಳಿದಳು.

"ಎಲ್ಲಿ ಬರುತ್ತೆ? ಕಾಯಿಲೆ ಅಂದ್ರೇನು ಅಂತ್ಲೇ ನಂಗೆ ಗೊತ್ತಿರಲಿಲ್ವಂತೆ."

ಸಿನಿವಾಳ ಮುಖ ಸಣ್ಣದಾಯಿತು. "ಹಾಗಿದ್ರೆ ಇವತ್ತೇ ಹಡಗು ಹತ್ತಿ, ಆಚೆ ದ್ವೀಪದ ಆಪಿಯಾ ಆಸ್ಪತ್ರೇಲಿ ಕೂಸಿಗೆ ದಡಾರ ತಡೆಯೋ ಚುಚ್ಚುಮದ್ದು ಕೊಡಿಸ್ಬೇಕು, ಲಸಿಕೆ ಹಾಕೋ ವಯಸ್ಸಲ್ಲ ಇದು. ಅಲ್ಲಿ ನೋಡಿದ್ರೆ ದಡಾರದ ಮಕ್ಕಳೇ ತುಂಬಿದಾರೆ. ಹೋದ್ರೂ ಭಯ, ಹೋಗದಿದ್ರೂ ಭಯ."

ಫುವಾತಿನೋ ಕೂಸಿನ ಬಟ್ಟೆ ಮಡಚತೊಡಗಿದಳು.

"ನನ್ನ ಮುಖ ಯಾಕ್ ನೋಡ್ತೀರಾ?" ಎಂದಳು ತೆಲೆಸಿಯಾ. ಯಾರೂ ನೋಡಿರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತಾಯಿತು. "ಬಂದಿತ್ತು! ಇವಳಿಗೆ ನಾಲ್ಕು ವರ್ಷ ಆಗ. ಒಂದೇ ಚಾಪೇಲಿ ಮಲಗೋ ಐದೂ ಮಕ್ಕಳಿಗೆ ಬಂತು. ಹಳೇ ನರ್ಸಮ್ಮನೇ ನೋಡಿ ದಡಾರ ಅಂದ್ರು. ಅವರ ಕಾಲು ಹಿಡಿದು ಯಾರಿಗೂ ಹೇಳ್ಬೇಡಿ ಅಂದೆ. ನನ್ನ ತಂಗಿಗೆ ಯಾವ ಮುಖ ಇಟ್ಕೊಂಡು ಹೇಳ್ಲಿ?"

"ಅಮ್ಮಾ! ಇಷ್ಟು ವರ್ಷ..."

"ದೊಡ್ಡಮ್ಮ, ನಿಮ್ಮ ಬಾಯಿಗೆ ಸಕ್ಕರೆ ಹಾಕ!" ಸಿನಿವಾ ಎದ್ದೇ ನಿಂತಳು. ಅಲ್ಲಿಂದಲೇ ಡಾಕ್ಟರಿಗೆ ಫೋನ್ ಮಾಡಿದಳು. ಹಡಗು ಬೇಡ, ಮನೆಯಲ್ಲೇ ಇರಲಿ, ಆದರೆ ಮೂರು ವಾರ ಕಣ್ಣಿಟ್ಟು ನೋಡಿ ಎಂದರು ಅವರು.

"ಅದು ಹೇಗೆ?" ಫುವಾತಿನೋಗೆ ನಂಬಿಕೆ ಬರಲಿಲ್ಲ.

"ಸಂಜೆ ಪ್ರಾರ್ಥನೆಗೆ ಶಂಖ ಊದಿದ ಮೇಲೆ ಯಾರೂ ಓಡಾಡದ ಹಾಗೆ ನಮ್ಮ ಹುಡುಗರು ದಾರಿಗೆ ಅಡ್ಡ ನಿಲ್ಲಲ್ವಾ? ಒಂದ್ಸಲ ನುಗ್ಗಿದವನ ಮುಖ ಅವರು ಮರೀತಾರಾ? ಮೈಯೊಳಗೂ ಹಂಗೇ ಕಾವಲು. ದಡಾರ ನಿನ್ನ ಮೈಗೆ ಒಂದ್ಸಲ ನುಗ್ಗಿತ್ತು, ಕಾವಲಿಗೆ ಅದರ ಗುರುತು ಇನ್ನೂ ಇದೆ. ಬಸುರಲ್ಲಿದ್ದಾಗಲೇ ಒಂದಿಷ್ಟು ಕಾವಲು ಇವಳ ಜೊತೆ ಕಳ್ಸಿದೀಯ. ಆದ್ರೆ ಅದು ಎರವಲು, ಕೆಲವು ತಿಂಗಳಷ್ಟೇ. ಆಮೇಲೆ ಲಸಿಕೆ ಹಾಕ್ಸಿದ್ರೆ ತನ್ನ ಕಾವಲು ತಾನೇ ಕಟ್ಕೊಳ್ತಾಳೆ. ಈ ಸಲ ಅವರು ಇವರು ಅನ್ಬೇಡಿ, ನಾನೇ ಬರ್ತೀನಿ."

ಮೂರು ವಾರ ತೆಲೆಸಿಯಾ ಮನೆ ಮುಂದಿನ ಕಂಬಕ್ಕೆ ಒರಗಿ ಕೂತು, ಬಂದವರನ್ನೆಲ್ಲ ಬೀದಿಯಿಂದಲೇ ಹಿಂದಕ್ಕೆ ಕಳಿಸಿದಳು. ಪಾದ್ರಿಯನ್ನೂ ಬಿಡಲಿಲ್ಲ. ದಿನಕ್ಕೆ ಹತ್ತು ಸಲ ಕೂಸಿನ ಹಣೆ ಮುಟ್ಟಿದಳು. ಇಪ್ಪತ್ತೊಂದನೆಯ ದಿನವೂ ಹಣೆ ತಣ್ಣಗಿತ್ತು, ಮೈಮೇಲೆ ಒಂದೂ ಕಲೆಯಿರಲಿಲ್ಲ. ತೆಲೆಸಿಯಾಳ ಎದೆಯ ಮೇಲಿನ ಬಂಡೆ ಇಳಿಯಿತು.

ಉಳಿದದ್ದನ್ನೂ ಇಳಿಸಿಬಿಡೋಣವೆಂದು ಆಪಿಯಾದಲ್ಲಿದ್ದ ತಂಗಿಗೆ ಫೋನ್ ಮಾಡಿ, ಅಳುತ್ತಲೇ ಎಲ್ಲ ಹೇಳಿದಳು.

"ಗೊತ್ತಿತ್ತಕ್ಕ," ಎಂದಳು ಯಾನೆತಾ. "ಆ ಕ್ರಿಸ್ಮಸ್‌ಗೆ ಬಂದಾಗ ಮಗು ಮೈ ಇನ್ನೂ ಸಿಪ್ಪೆ ಏಳ್ತಿತ್ತು. ಅವಳಿಗಿಂತ ನೀನೇ ಸೊರಗಿ ಕಡ್ಡಿ ಆಗಿದ್ದೆ. ಬಾಯಿ ಬಿಟ್ರೆ ನಾಚಿಕೆಗೆ ಅವಳನ್ನ ವಾಪಸ್ ಕೊಟ್ಬಿಡ್ತೀಯ ಅಂತ ಸುಮ್ನಿದ್ದೆ. ನಿನ್ನಷ್ಟು ಚೆನ್ನಾಗಿ ಯಾರು ನೋಡ್ಕೊಳ್ತಿದ್ರು?"



"ಮೊದಲೇ ಹೇಳೋಕೇನಾಗಿತ್ತೇ ನಿಂಗೆ?" ಎಂದು ತೆಲೆಸಿಯಾ ತಂಗಿಯನ್ನೇ ಗದರಿದಳು.