ಐದನೆಯ ಮಾತುಗಾರ

ತುಂಗತ್ತೆ ಎರಡೂ ಕೈಗಳನ್ನು ಕಣ್ಣಿನ ಮಟ್ಟಕ್ಕೆ ಎತ್ತಿ, ಬೆರಳುಗಳನ್ನು ಮೆಲ್ಲಗೆ ಆಡಿಸುತ್ತ ಕೆಳಗಿಳಿಸಿದಳೆಂದರೆ ಮಳೆ ಬರುತ್ತಿದೆ ಎಂದು ಅರ್ಥ. ಬೆರಳುಗಳು ನಿಧಾನವಾಗಿ ಇಳಿದರೆ ತುಂತುರು. ಸರಸರನೆ ಇಳಿದರೆ ಹಿತ್ತಲಿಗೆ ಓಡಿ ಒಣಹಾಕಿದ ಬಟ್ಟೆಗಳನ್ನು ಬಾಚಿ ತರಬೇಕು. ನಾನು ಬಾಯಿಂದ ಅಮ್ಮ ಎನ್ನುವುದಕ್ಕೂ ಮೊದಲೇ ಕೈಯಲ್ಲಿ ಮಳೆ ಸುರಿಸುವುದನ್ನು ಕಲಿತಿದ್ದೆನಂತೆ.

ಅವಳು ಅಪ್ಪನ ತಂಗಿ. ಹುಟ್ಟಿನಿಂದಲೇ ಕಿವಿ ಕೇಳಿಸದು, ಮಾತು ಬಾರದು. ಅಂಥ ಮಕ್ಕಳಿಗೆ ಪಾಠ ಹೇಳುವ ಶಾಲೆ ನಮ್ಮ ಊರಲ್ಲಿ ಇರಲಿಲ್ಲ. ಹಾಗಾಗಿ ಅಜ್ಜಿ ಮತ್ತು ಅವಳು ಸೇರಿ, ಒಲೆಯ ಮುಂದೆ ಕೂತು, ದಿನಕ್ಕೊಂದಿಷ್ಟು ಮಾತುಗಳನ್ನು ಕೈಯಲ್ಲೇ ಕಟ್ಟಿಕೊಂಡರು. ಹಣೆಯ ನಡುವೆ ಹೆಬ್ಬೆರಳು ಒತ್ತಿದರೆ ಅಜ್ಜಿ, ಅವಳ ದೊಡ್ಡ ಕುಂಕುಮದಿಂದಾಗಿ. ಕಿವಿಯ ಹಾಲೆ ಹಿಡಿದರೆ ನಾನು. ಕೂಸಾಗಿದ್ದಾಗ ತುಂಗತ್ತೆಯ ಕಿವಿ ಹಿಡಿದುಕೊಳ್ಳದೆ ನಾನು ನಿದ್ದೆ ಮಾಡುತ್ತಿರಲಿಲ್ಲವಂತೆ. ಅಜ್ಜಿ ತೀರಿಕೊಂಡ ಮೇಲೆ ಈ ಮಾತು ಬಲ್ಲವರು ನಾವು ನಾಲ್ವರೇ ಉಳಿದೆವು: ಅಪ್ಪ, ಅಮ್ಮ, ನಾನು ಮತ್ತು ಅವಳು.

ನಾನು ಕಾಲೇಜಿನ ಕೊನೆಯ ವರ್ಷಕ್ಕೆ ಬಂದಾಗ, ಪ್ರತಿಯೊಬ್ಬರೂ ತಮಗೆ ಬೇಕಾದ ವಿಷಯ ಆರಿಸಿಕೊಂಡು ಇಡೀ ವರ್ಷ ಅದರ ಮೇಲೆ ಸಂಶೋಧನೆ ಮಾಡಬೇಕೆಂಬ ನಿಯಮವಿತ್ತು. ಮೊದಲು ವಿಷಯ, ಆಮೇಲೆ ವರ್ಷದ ಯೋಜನೆ, ಕೊನೆಗೆ ಪ್ರಬಂಧ. ನನ್ನ ಮಾರ್ಗದರ್ಶಕರು ಗಿರಿಜಮ್ಮ ಮೇಡಂ. ಬಿಳಿ ಸೀರೆ, ತಗ್ಗಿದ ದನಿ, ಎದುರಿನವರು ಮಾತು ಮುಗಿಸಿದ ಮೇಲೂ ಸ್ವಲ್ಪ ಹೊತ್ತು ಕಾಯುವ ಅಭ್ಯಾಸ. ನಾನು ಗ್ರಂಥಾಲಯದಲ್ಲಿ ಕೂತು ಆರಿಸಿಕೊಂಡು ಹೋದ ಘನವಾದ ವಿಷಯಗಳನ್ನೆಲ್ಲ ಅವರು ಓದಿ, ಪ್ರತಿ ಸಲವೂ ಒಂದೇ ಪ್ರಶ್ನೆ ಕೇಳುತ್ತಿದ್ದರು: "ಇದು ನಿನಗೆ ಯಾಕೆ ಬೇಕಮ್ಮ?" ಗೆಳತಿಯರ ಯೋಜನೆಗಳು ಒಂದೊಂದಾಗಿ ಒಪ್ಪಿಗೆಯಾಗುತ್ತಿದ್ದವು. ನಾನು ಮಾತ್ರ ಹೊಸ ಹಾಳೆ ಹಿಡಿದು ಅವರ ಕೋಣೆಯ ಹೊರಗೆ ನಿಲ್ಲುತ್ತಿದ್ದೆ.

ಹಾಗೆ ನಿಂತಿದ್ದ ಒಂದು ಮಧ್ಯಾಹ್ನ ತುಂಗತ್ತೆ ನಾನು ಮರೆತುಬಂದ ಊಟದ ಡಬ್ಬಿ ಹಿಡಿದು ಕಾಲೇಜಿಗೇ ಬಂದುಬಿಟ್ಟಳು. ವರಾಂಡದ ಆ ತುದಿಯಿಂದಲೇ ಅವಳ ಬೈಗುಳ ಶುರುವಾಯಿತು. ನಾನು ಈ ತುದಿಯಿಂದ ಸಮಜಾಯಿಷಿ ಕೊಟ್ಟೆ. ಅವಳು ಕೈಯಲ್ಲೇ ಮಳೆ ಸುರಿಸಿ, ಛತ್ರಿಯನ್ನೂ ಮರೆತಿದ್ದೀಯ ಎಂದು ತೋರಿಸಿದಳು. ತಿರುಗಿ ನೋಡಿದರೆ ಗಿರಿಜಮ್ಮ ಮೇಡಂ ಬಾಗಿಲಲ್ಲಿ ನಿಂತಿದ್ದರು. ಏನದು ಎಂದು ಕೇಳಿದರು. ಏನಿಲ್ಲ ಮೇಡಂ, ಮನೆಯಲ್ಲಿ ಮಾಡುವ ಸನ್ನೆ ಅಷ್ಟೆ ಎಂದೆ.

"ಎಷ್ಟು ಜನಕ್ಕೆ ಬರುತ್ತೆ ಇದು?"

"ನಾಲ್ಕು ಜನಕ್ಕೆ."

ಅವರು ನನ್ನ ಕೈಯಲ್ಲಿದ್ದ ಹಾಳೆಯತ್ತ ನೋಡಿದರು. "ನಾಲ್ಕೇ ಜನ ಆಡೋ ಭಾಷೆಯನ್ನ ಮನೇಲಿಟ್ಕೊಂಡು ನೀನು ಗ್ರಂಥಾಲಯದಲ್ಲಿ ಏನು ಹುಡುಕ್ತಿದ್ದೀಯ?"

ಆ ಸಂಜೆ ತುಂಗತ್ತೆಯ ಒಪ್ಪಿಗೆ ಕೇಳಿದೆ. ಸಂಶೋಧನೆ ಎಂಬುದಕ್ಕೆ ನಮ್ಮಲ್ಲಿ ಮಾತಿರಲಿಲ್ಲ. ವರ್ಷಕ್ಕೆ ಇತ್ತು, ಮಾವಿನ ಓಟೆ ಚೀಪುವ ಸನ್ನೆ. ಈ ಮಾವಿನಿಂದ ಮುಂದಿನ ಮಾವಿನವರೆಗೆ ನಿನ್ನ ಕೈಗಳ ಚಿತ್ರ ಬರೆಯುತ್ತೇನೆ, ದೊಡ್ಡವರು ನೋಡುತ್ತಾರೆ ಎಂದೆ. ಕೈ ಮಾತ್ರವೇ, ಮುಖ ಬೇಡವೇ ಎಂದು ಕೇಳಿದಳು. ಮುಖವನ್ನೂ ಬರೆಯುತ್ತೇನೆಂದ ಮೇಲೆ ಒಪ್ಪಿದಳು. ನಾನು ಉತ್ಸಾಹದಿಂದ ಯೋಜನೆ ಹಾಕಿದೆ. ಮಳೆಗಾಲ ಮುಗಿಯುವಷ್ಟರಲ್ಲಿ ಅಡುಗೆಮನೆಯ ಮಾತುಗಳು, ಆಮೇಲೆ ಜನರ ಹೆಸರುಗಳು, ಚಳಿಗಾಲಕ್ಕೆ ಪ್ರಶ್ನೆ ಕೇಳುವ ರೀತಿ, ಕೊನೆಗೆ ಕಣ್ಣೆದುರು ಇಲ್ಲದವರ ಬಗ್ಗೆ ಆಡುವ ಮಾತು. ಮೇಡಂ ಅದನ್ನು ಓದಿ ಒಂದು ಅಕ್ಷರವನ್ನೂ ತಿದ್ದಲಿಲ್ಲ.

ಪ್ರತಿ ಮಧ್ಯಾಹ್ನ ಹಿತ್ತಲ ಕಟ್ಟೆಯ ಮೇಲೆ ಕೂರುತ್ತಿದ್ದೆವು. ಅವಳು ಒಂದೊಂದೇ ಮಾತನ್ನು ಗಾಳಿಯಲ್ಲಿ ಹಿಡಿದು ನಿಲ್ಲಿಸುವಳು, ನಾನು ಬರೆದುಕೊಳ್ಳುವೆ. ಹೀಗೆ ಒಂದು ದಿನ ಅವಳ ಕೈಯಿಂದ ನನಗೆ ಗೊತ್ತಿಲ್ಲದ ಮಾತೊಂದು ಬಂತು. ಎರಡೂ ಕೈಗಳ ಹೆಬ್ಬೆರಳು ತೋರುಬೆರಳುಗಳನ್ನು ಕೂಡಿಸಿ ಒಂದು ಚೌಕ ಮಾಡಿ, ಅದರೊಳಗಿಂದ ಇಣುಕಿ ನೋಡಿದಳು. ಏನೆಂದು ಕೇಳಿದರೆ ಸೆರಗಿನ ತುದಿ ಸರಿಮಾಡಿಕೊಂಡು ಎದ್ದುಹೋದಳು. ಅವಳು ಕಸೂತಿ ಹಾಕಿದ ಬಟ್ಟೆಗಳಿಗೆ ಗಾಜಿನ ಕಟ್ಟು ಹಾಕಿಸಲು ಪೇಟೆಬೀದಿಯ ಅಂಗಡಿಗೆ ಹೋಗುತ್ತಿದ್ದುದು ನೆನಪಾಗಿ, 'ಚೌಕಟ್ಟು' ಎಂದು ಬರೆದುಕೊಂಡೆ. ಅವಳು ಆ ಅಂಗಡಿಯಿಂದ ಬರುವುದು ಇತ್ತೀಚೆಗೆ ತಡವಾಗುತ್ತಿದೆ ಎಂದು ಅಮ್ಮ ಹೇಳಿದ್ದಳು. ನಾನು ಅದಕ್ಕೆ ಕಿವಿಗೊಟ್ಟಿರಲಿಲ್ಲ.

ದಸರೆ ಕಳೆದ ಮೇಲೆ ಕಟ್ಟಿನ ಅಂಗಡಿಯ ಚಿದಂಬರಯ್ಯನವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ನಮ್ಮ ಮನೆಗೆ ಬಂದರು. ಐವತ್ತು ದಾಟಿದ ಮನುಷ್ಯ, ಹೆಂಡತಿ ತೀರಿಕೊಂಡು ಎಷ್ಟೋ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಅಪ್ಪ ಕೂರಿಸಿ ಕಾಫಿ ಕೊಡಿಸಿದ. ಲೋಟ ಕೆಳಗಿಟ್ಟ ಮೇಲೆ ಅವರು, ತುಂಗಮ್ಮನವರನ್ನು ಮದುವೆಯಾಗಬೇಕೆಂದಿದ್ದೇನೆ, ಅವರಿಗೂ ಮನಸ್ಸಿದೆ ಎಂದು ತಿಳಿದಿದ್ದೇನೆ, ನೀವು ಒಮ್ಮೆ ಕೇಳಬೇಕು ಎಂದರು. ಒಳಬಾಗಿಲಲ್ಲಿ ನಿಂತಿದ್ದ ತುಂಗತ್ತೆ ನನ್ನ ಕಡೆ ನೋಡಿ, ಬೆರಳುಗಳ ಆ ಚೌಕವನ್ನು ಮತ್ತೆ ಮಾಡಿದಳು. ಅದು ಚೌಕಟ್ಟು ಎಂಬ ಮಾತಲ್ಲವೆಂದು, ಅದೊಂದು ಹೆಸರೆಂದು ನನಗೆ ಆಗ ತಿಳಿಯಿತು.

ಅವರು ಹೋದ ಮೇಲೆ ಅಪ್ಪ ಕೂತಲ್ಲಿಂದ ಏಳಲಿಲ್ಲ. ಅಪ್ಪನಿಗೆ ಅವರ ಮೇಲೆ ಯಾವ ದೂರೂ ಇರಲಿಲ್ಲ. ಅವನ ಸಂಕಟವೇ ಬೇರೆ.

"ಅಲ್ಲಿ ಇವಳ ಮಾತು ಯಾರಿಗೆ ಬರುತ್ತೆ? ಜ್ವರ ಬಂದರೆ, ಎಲ್ಲಿ ನೋಯ್ತಿದೆ ಅಂತ ಯಾರಿಗೆ ಹೇಳ್ತಾಳೆ?" ಎಂದು ಬಾಯಲ್ಲೂ ಕೈಯಲ್ಲೂ ಕೇಳಿದ.

ತುಂಗತ್ತೆ ಉತ್ತರ ಹೇಳಲು ಕೈ ಎತ್ತಿದಳು. ಅಪ್ಪ ಮುಖವನ್ನು ಗೋಡೆಯ ಕಡೆ ತಿರುಗಿಸಿದ. ನಮ್ಮ ಮನೆಯಲ್ಲಿ ಹಾಗೆ ಮಾಡಿದರೆ ಕಿವಿ ಮುಚ್ಚಿಕೊಂಡ ಹಾಗೆ. ಯಾರೂ ಅವಳಿಗೆ ಹಾಗೆ ಮಾಡಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಅವಳು ಹತ್ತಿರ ಹೋಗಿ, ಅಣ್ಣನ ಗದ್ದ ಹಿಡಿದು, ಮಗುವಿನ ಮುಖ ತಿರುಗಿಸುವಂತೆ ತನ್ನ ಕಡೆ ತಿರುಗಿಸಿಕೊಂಡಳು. ಆಮೇಲೆ ಕೈಯಲ್ಲಿ ಹೇಳತೊಡಗಿದಳು, ಒಂದು ಮಾತೂ ತಪ್ಪಲಿಲ್ಲ. ಅವನ ಕಣ್ಣು ತುಂಬಿ ಕಾಣಿಸದಾದಾಗ ನಾನೇ ಅದನ್ನು ಬಾಯಿಂದ ಹೇಳಬೇಕಾಯಿತು.

"ಅಮ್ಮ ಹೋದ ಮೇಲೆ ಈ ಮನೇಲಿ ಯಾರೂ ನನ್ನ ಜೊತೆ ಹೊಸ ಮಾತು ಕಟ್ಟಲಿಲ್ಲ. ಇದ್ದದ್ದರಲ್ಲೇ ಮಾತಾಡಿದ್ರಿ. ಅವರು ಮೊದಲನೇ ದಿನವೇ ತಮ್ಮ ಕಡೆ ಬೆರಳು ಮಾಡಿ, ನನ್ನನ್ನ ಏನಂತ ಕರೀತೀಯ ಅಂತ ಕೇಳಿದ್ರು. ಬರದಿದ್ದನ್ನ ನಾನು ಕಲಿಸ್ತೀನಿ."

ಅಪ್ಪ ಅವಳ ಕೈಗಳನ್ನು ಹಿಡಿದುಕೊಂಡ. ಕೊನೆಗೆ ಅವನ್ನು ಬಿಟ್ಟು, ತನ್ನ ಕೈಯಲ್ಲೂ ಹೇಳಿದ: "ಕಲೀಲಿ. ಜ್ವರ ಬಂದ್ರೆ ಅರ್ಥ ಆಗುವಷ್ಟಾದ್ರೂ ಕಲೀಲಿ. ಆಮೇಲೆ ನೋಡೋಣ."

ಮರುದಿನ ಗಿರಿಜಮ್ಮ ಮೇಡಂ ಎದುರು ನಾನು ಅತ್ತುಬಿಟ್ಟೆ. ಅತ್ತೆ ಹೊರಟುಹೋಗುತ್ತಾಳೆ, ಮಾತೆಲ್ಲ ಅರ್ಧಕ್ಕೆ ನಿಲ್ಲುತ್ತದೆ, ವಿಷಯ ಬದಲಿಸಬೇಕು ಎಂದೆ. ಅಳುತ್ತಿದ್ದುದು ಪ್ರಬಂಧಕ್ಕೋ ಅತ್ತೆಗೋ ನನಗೇ ತಿಳಿಯದು. ಮೇಡಂ ನೀರು ಕೊಟ್ಟರು, ಕಾದರು. ನಿಮ್ಮ ಮಾತನ್ನು ದೊಡ್ಡವರಾದ ಮೇಲೆ ಹೊರಗಿನಿಂದ ಬಂದು ಕಲಿತವರು ಇದ್ದಾರೆಯೇ ಎಂದು ಕೇಳಿದರು. ಅಮ್ಮ ಒಬ್ಬಳೇ, ಮದುವೆಯಾಗಿ ಬಂದಾಗ, ಅದೂ ನಾನು ಹುಟ್ಟುವುದಕ್ಕೆ ಮೊದಲು ಎಂದೆ.

"ಹಾಗಾದ್ರೆ ಈ ಸಲ ನೀನು ಕಣ್ಣಾರೆ ನೋಡ್ತೀಯ. ಒಂದು ಭಾಷೆಗೆ ಐದನೆಯವರು ಸೇರೋದನ್ನ ನೋಡೋ ಭಾಗ್ಯ ಯಾರಿಗಮ್ಮ ಸಿಗುತ್ತೆ? ಕೂತ್ಕೋ, ಯೋಜನೆ ಇನ್ನೊಂದು ಸಲ ಬರಿ."

ಹೊಸ ಯೋಜನೆ ವಿಭಾಗದ ಸಭೆಯ ಮುಂದೆ ಹೋಯಿತು. ಇದರಿಂದ ಏನು ಉಪಯೋಗ ಎಂದು ಹಿರಿಯರೊಬ್ಬರು ಕೇಳಿದರು. ಉಪಯೋಗವನ್ನು ವರ್ಷದ ಕೊನೆಗೆ ಕೇಳೋಣ ಎಂದು ಮೇಡಂ ನಯವಾಗಿ ಹೇಳಿ ಸಹಿಯ ಜಾಗವನ್ನು ಬೆರಳಿಟ್ಟು ತೋರಿಸಿದರು.

ಚಿದಂಬರಯ್ಯನವರು ಅಂಗಡಿಗೆ ರಜೆಯಿರುವ ದಿನಗಳಲ್ಲಿ ಬರತೊಡಗಿದರು. ಜಗಲಿಯ ಮೇಲೆ ತುಂಗತ್ತೆ ಚಾಪೆ ಹಾಸಿ ಗುರುವಿನಂತೆ ಕೂರುವಳು. ಮೊದಲ ಪಾಠ ಮಳೆ. ಗಾಜು ಕತ್ತರಿಸಿ ಗೀರು ಬಿದ್ದಿದ್ದ ಅವರ ದಪ್ಪ ಬೆರಳುಗಳಿಂದ ಮಳೆ ಹನಿಯಾಗಿ ಇಳಿಯುತ್ತಿರಲಿಲ್ಲ, ಇಟ್ಟಿಗೆಯಂತೆ ಬೀಳುತ್ತಿತ್ತು. ಒಮ್ಮೆ ಅಮ್ಮನನ್ನು ಸನ್ನೆಯಲ್ಲೇ ಊಟವಾಯಿತೇ ಎಂದು ಕೇಳಲು ಹೋಗಿ, ನಿಮ್ಮ ಹಲ್ಲು ಬಿತ್ತೇ ಎಂದು ಕೇಳಿಬಿಟ್ಟರು. ತುಂಗತ್ತೆ ನಕ್ಕಳು. ಅವಳ ನಗುವಿಗೆ ದನಿಯಿತ್ತು. ಬೀದಿಯವರು ಏನೆಂದುಕೊಳ್ಳುವರೋ ಎಂದು ಅವಳು ಯಾವಾಗಲೂ ಸೆರಗಿನಲ್ಲಿ ಒತ್ತಿಹಿಡಿಯುತ್ತಿದ್ದ ದನಿ. ಆ ದಿನ ಒತ್ತಿಹಿಡಿಯಲಿಲ್ಲ. ನಾನು ಕಂಬಕ್ಕೆ ಒರಗಿ ಎಲ್ಲವನ್ನೂ ಬರೆದುಕೊಳ್ಳುತ್ತಿದ್ದೆ. ತಪ್ಪುಗಳನ್ನು ಹೆಚ್ಚು ಎಚ್ಚರಿಕೆಯಿಂದ ಬರೆದುಕೋ, ಕಲಿಕೆ ಕಾಣುವುದು ಅಲ್ಲೇ ಎಂದಿದ್ದರು ಮೇಡಂ. ಅಪ್ಪ ಪತ್ರಿಕೆ ಹಿಡಿದು ಕೂರುತ್ತಿದ್ದ. ಪುಟ ಮಾತ್ರ ತಿರುಗುತ್ತಿರಲಿಲ್ಲ.

ಸಂಕ್ರಾಂತಿಯ ಹೊತ್ತಿಗೆ, ಒಂದು ಬೆಳಿಗ್ಗೆ ತುಂಗತ್ತೆ ಎಳ್ಳು ಆರಿಸುತ್ತ ಜಗಲಿಯಲ್ಲಿ ಕೂತಿದ್ದಳು. ನಾವು ಮೂವರೂ ಅವಳ ಸುತ್ತಲೇ ಇದ್ದೆವು. ಚಿದಂಬರಯ್ಯನವರು ಗೇಟಿನ ಚಿಲಕ ತೆಗೆಯುತ್ತ ಅವಳ ಮುಖ ನೋಡಿದವರೇ ಅಲ್ಲಿಯೇ ನಿಂತು, ಎಲ್ಲಿ ನೋವು ಎಂದು ಕೈಯಲ್ಲಿ ಕೇಳಿದರು. ಅವಳು ಏನೂ ಇಲ್ಲವೆಂದಳು. ತಲೆಯೋ ಹೊಟ್ಟೆಯೋ ಎಂದು ಮತ್ತೆ ಕೇಳಿದರು. ಅವಳು ನಿಧಾನವಾಗಿ ಎಡಗಿವಿಯ ಹಿಂದೆ ಬೆರಳಿಟ್ಟು ತೋರಿಸಿದಳು. ಅಮ್ಮ ಹೋಗಿ ಮುಟ್ಟಿ ನೋಡಿದರೆ ಮೈ ಸುಡುತ್ತಿತ್ತು. ನಮ್ಮಲ್ಲಿ ಯಾರೂ ಗಮನಿಸಿರಲಿಲ್ಲ. ಅಪ್ಪ ಪತ್ರಿಕೆ ಮಡಿಸಿಟ್ಟ, ಒಳಗೆ ಹೋದ, ಪಂಚಾಂಗ ಹಿಡಿದು ಹೊರಗೆ ಬಂದ.

ಮದುವೆ ಸರಳವಾಗಿ ನಡೆಯಿತು. ಗಿರಿಜಮ್ಮ ಮೇಡಂ ಬಂದು ಮೊದಲ ಸಾಲಿನಲ್ಲಿ ಕೂತಿದ್ದರು. ಪ್ರಬಂಧವನ್ನು ಮಾವು ಬರುವಷ್ಟರಲ್ಲಿ ಒಪ್ಪಿಸಿದೆ. ಅದರಲ್ಲಿ ಕೈಗಳ ಚಿತ್ರಗಳಿದ್ದವು, ಕೊಟ್ಟ ಮಾತಿನಂತೆ ತುಂಗತ್ತೆಯ ಮುಖವೂ ಇತ್ತು. ಒಳ್ಳೆಯ ಅಂಕಗಳೂ ಬಂದವು.

ಮುಂದಿನ ಮಳೆಗಾಲಕ್ಕೆ ನನಗೆ ಬೇರೆ ಊರಿನಲ್ಲಿ ಕೆಲಸ ಸಿಕ್ಕಿತು. ರಜೆಯಲ್ಲಿ ಬಂದ ಒಂದು ಸಂಜೆ ತರಕಾರಿ ಸಂತೆಯಲ್ಲಿ ಅವರಿಬ್ಬರನ್ನು ದೂರದಿಂದ ಕಂಡೆ. ತುಂಬಿದ ಚೀಲವೊಂದನ್ನು ನಡುವೆ ಇಟ್ಟುಕೊಂಡು, ಒಂದು ಹಿಡಿಕೆಯನ್ನು ಅವಳು, ಇನ್ನೊಂದನ್ನು ಅವರು ಹಿಡಿದು ನಡೆಯುತ್ತಿದ್ದರು. ಹೀಗಾಗಿ ಇಬ್ಬರಿಗೂ ಒಂದೊಂದೇ ಕೈ ಬಿಡುವಾಗಿತ್ತು. ಆ ಒಂದೊಂದು ಕೈಯಲ್ಲೇ ಅವರು ಏನನ್ನೋ ಜೋರಾಗಿ ವಾದಿಸುತ್ತಿದ್ದರು. ನಾನು ಎರಡೂ ಕೈಗಳ ಚಿತ್ರವಾಗಿ ಬರೆದಿಟ್ಟ ಮಾತುಗಳು ಅರ್ಧರ್ಧವಾಗಿ, ಎಲ್ಲಿಯೂ ತಡೆಯದೆ, ಅವಳಿಂದ ಅವರಿಗೆ ಅವರಿಂದ ಅವಳಿಗೆ ದಾಟುತ್ತಿದ್ದವು. ಕರೆಯಲು ಎತ್ತಿದ ಕೈಯನ್ನು ಕೆಳಗಿಳಿಸಿ ನಾನು ಅಲ್ಲೇ ನಿಂತೆ. ಚೀಲದ ಬಾಯಿಂದ ಹೊರಗೆ ಚಾಚಿದ್ದ ಸಬ್ಬಸಿಗೆ ಸೊಪ್ಪು ಅವರ ಹೆಜ್ಜೆಗೆ ತೂಗಾಡುತ್ತ, ಜನರ ನಡುವೆ ಬಹಳ ದೂರದವರೆಗೆ ಕಾಣುತ್ತಿತ್ತು.